ಲಾಕ್‌ಡೌನ್‌ನಲ್ಲಿ ಹಚ್ಚಿಕೊಂಡ ಹವ್ಯಾಸಗಳಲ್ಲಿ ಇಂದಿಗೂ ಉಳಿದದ್ದು ಯಾವುದು?

ಪ್ರಶ್ನೆ: 2020ರ ಲಾಕ್‌ಡೌನ್ ದಿನಗಳಲ್ಲಿ ಚಿತ್ರ ಬಿಡಿಸುವುದು, ದಿನಚರಿ ಬರೆಯುವುದು, ಹೊಸ ಭಾಷೆ ಕಲಿಯುವುದು ಎಂದು ಮೂರನ್ನು ಆರಂಭಿಸಿದ್ದೆ. ಕಚೇರಿ ಮತ್ತೆ ತೆರೆದ ಮೇಲೆ ಮೂರೂ ನಿಂತುಹೋದವು. ಒಂದನ್ನಾದರೂ ಮತ್ತೆ ಕೈಗೆತ್ತಿಕೊಳ್ಳಬೇಕೆಂದಿದ್ದೇನೆ. ಆಗ ಆರಂಭಿಸಿದ್ದನ್ನು ಈಗಲೂ ನಡೆಸಿಕೊಂಡು ಬಂದವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸಿ.

ಉತ್ತರ 1: ನಾನು ಹಚ್ಚಿಕೊಂಡ ನಾಲ್ಕು ಕೆಲಸಗಳಲ್ಲಿ ಉಳಿದಿರುವುದು ಒಂದೇ, ವಿಕಿಸೋರ್ಸ್ ಎಂಬ ಉಚಿತ ಅಂತರ್ಜಾಲ ಗ್ರಂಥಾಲಯದಲ್ಲಿ ಹಳೆಯ ಕನ್ನಡ ಪುಸ್ತಕಗಳ ಕರಡು ತಿದ್ದುವುದು. ಪರದೆಯ ಒಂದು ಬದಿಯಲ್ಲಿ ಮುದ್ರಿತ ಪುಟದ ಚಿತ್ರವಿರುತ್ತದೆ, ಇನ್ನೊಂದು ಬದಿಯಲ್ಲಿ ಯಂತ್ರ ಓದಿಕೊಟ್ಟ ಪಠ್ಯವಿರುತ್ತದೆ. ಯಂತ್ರವು ‘ಮ’ವನ್ನು ‘ವು’ ಎಂದು ಓದುತ್ತದೆ, ಚುಕ್ಕಿ ಮಸುಕಾದ ‘ಥ’ವನ್ನು ‘ಧ’ ಮಾಡುತ್ತದೆ, ಪದದ ನಡುವಿನ ಸೊನ್ನೆಯನ್ನು ಅಂಕಿಯೆಂದು ತಿಳಿಯುತ್ತದೆ. ಇವನ್ನು ಒಂದೊಂದಾಗಿ ಹಿಡಿಯುತ್ತ ಹೋದರೆ ಒಂದು ಪುಟಕ್ಕೆ ನನಗೆ ಕಾಲು ಗಂಟೆ ಬೇಕು. ತಿದ್ದಿ ಉಳಿಸಿದ ಪುಟ ಹಳದಿಯಾಗುತ್ತದೆ, ಬೇರೊಬ್ಬರು ಮತ್ತೊಮ್ಮೆ ಪರಿಶೀಲಿಸಿದ ಮೇಲೆ ಹಸಿರಾಗುತ್ತದೆ. ನಾನು ತಿದ್ದಿದ್ದನ್ನು ನಾನೇ ಹಸಿರು ಮಾಡಲು ಬರುವುದಿಲ್ಲ. ಎಂದೂ ಕಾಣದ ಯಾರೋ ಒಬ್ಬರು ನನ್ನ ಪುಟವನ್ನು ಅಕ್ಷರ ಬಿಡದೆ ಓದಿದ್ದಾರೆಂಬುದು ಬೆಳಿಗ್ಗೆ ಆ ಹಸಿರು ಬಣ್ಣದಿಂದ ತಿಳಿದಾಗ ಆಗುತ್ತಿದ್ದ ಸಂತೋಷವೇ, ಮನೆಯೊಳಗೆ ಒಬ್ಬನೇ ಇದ್ದ ಆ ತಿಂಗಳುಗಳಲ್ಲಿ ನನ್ನನ್ನು ಮರುದಿನದ ಪುಟಕ್ಕೆ ಕೂರಿಸುತ್ತಿತ್ತು.

ಉಳಿದ ಮೂರೂ ಖಾಲಿ ಮಧ್ಯಾಹ್ನಗಳನ್ನು ನಂಬಿಕೊಂಡಿದ್ದವು. ಎರಡು ಗಂಟೆ ಬಿಡುವಿಲ್ಲದಿದ್ದರೆ ಅವನ್ನು ಮುಟ್ಟುವಂತೆಯೇ ಇರಲಿಲ್ಲ. ಬಿಡುವು ಹೋಯಿತು, ಅವೂ ಹೋದವು. ಇದನ್ನು ನಿಮ್ಮ ಸೋಲೆಂದು ಭಾವಿಸಬೇಡಿ. ಆಗಿನ ದಿನದ ಅಳತೆಗೆ ಹೊಲಿದದ್ದು ಈಗಿನ ದಿನಕ್ಕೆ ಹೊಂದುವುದಿಲ್ಲ, ಅಷ್ಟೆ. ನಿಮ್ಮ ಮೂರರಲ್ಲಿ ನಾನಾದರೆ ಚಿತ್ರವನ್ನು ಆರಿಸುತ್ತಿದ್ದೆ, ಆದರೆ ಪೂರ್ಣ ಚಿತ್ರ ಬೇಡ. ಮೇಜಿನ ಮೇಲಿರುವ ಒಂದು ವಸ್ತು, ಅಂಗೈಯಗಲದ ಕಾಗದ, ಹತ್ತು ನಿಮಿಷ.

ಉತ್ತರ 2: ದಿನಚರಿಯ ಬಗ್ಗೆ ಒಂದು ಮಾತು. ದಿನಕ್ಕೆ ಒಂದು ಪುಟ ಎಂದು ಆರಂಭಿಸಿದ್ದ ನಾನು ಈಗ ಮೂರು ಸಾಲು ಬರೆಯುತ್ತೇನೆ, ಅದೂ ರಾತ್ರಿ ಫೋನನ್ನು ಚಾರ್ಜಿಗೆ ಹಾಕಿದ ಕೂಡಲೇ, ಅದೇ ಮೇಜಿನ ಮೇಲೆ. ಈಗಾಗಲೇ ತಪ್ಪದೆ ನಡೆಯುವ ಕೆಲಸವೊಂದಕ್ಕೆ ಹೊಸದನ್ನು ಕಟ್ಟಿಹಾಕಿದ್ದರಿಂದ ನೆನಪಿಸಿಕೊಳ್ಳುವ ಶ್ರಮ ತಪ್ಪಿತು. 21 ದಿನಗಳಲ್ಲಿ ಅಭ್ಯಾಸ ಕೂಡಿಬರುತ್ತದೆಂಬ ಮಾತನ್ನು ನಂಬಬೇಡಿ. ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಮಾನ್ಯವಾಗಿ 66 ದಿನ ಹಿಡಿದಿತ್ತು. ವ್ಯಕ್ತಿ ಹಾಗೂ ಕೆಲಸಕ್ಕೆ ತಕ್ಕಂತೆ ಅದು 18ರಿಂದ 254 ದಿನಗಳವರೆಗೂ ಇತ್ತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ಹಾನಿಯಿಲ್ಲ ಎಂಬುದೂ ಅದರಲ್ಲಿ ಕಂಡುಬಂತು. ಇದನ್ನು ಮೊದಲೇ ತಿಳಿದಿದ್ದರೆ, ನಾಲ್ಕು ದಿನ ತಪ್ಪಿತೆಂದು ಬೇಸರಪಟ್ಟು ಮೊದಲ ವರ್ಷದ ಪುಸ್ತಕವನ್ನು ಅರ್ಧಕ್ಕೇ ಮುಚ್ಚಿಡುತ್ತಿರಲಿಲ್ಲ.

ಉತ್ತರ 3: ಬಿಟ್ಟುಬಿಟ್ಟವರ ಅನುಭವವೂ ನಿಮಗೆ ಉಪಯೋಗವಾಗಬಹುದು. ಮೊಬೈಲ್ ಆ್ಯಪ್‌ನಲ್ಲಿ ಒಂದು ಭಾಷೆಯನ್ನು ಐದು ತಿಂಗಳು ಒಂದು ದಿನವೂ ತಪ್ಪದೆ ಕಲಿತೆ. ಕೊನೆಕೊನೆಗೆ ದಿನಗಳ ಲೆಕ್ಕ ಮುರಿಯಬಾರದೆಂದು, ಬರುವ ಸುಲಭ ಪಾಠವನ್ನೇ ಮಲಗುವ ಮುನ್ನ ಮತ್ತೆ ಮುಗಿಸುತ್ತಿದ್ದೆ. ಆ ಭಾಷೆಯವರೊಬ್ಬರು ಎದುರಿಗೆ ಸಿಕ್ಕಾಗ ಕುಶಲ ವಿಚಾರಿಸಿದ್ದರ ಆಚೆಗೆ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. ಆ್ಯಪ್ ತೆಗೆದುಹಾಕಿದೆ. ಈಗ ಅವರೊಂದಿಗೇ ವಾರಕ್ಕೆ ಅರ್ಧ ಗಂಟೆ ಫೋನಿನಲ್ಲಿ ಮಾತನಾಡುತ್ತೇನೆ. ತಪ್ಪಿದಲ್ಲಿ ಅವರು ತಡೆದು ತಿದ್ದುತ್ತಾರೆ, ನಾನು ಆ ವಾಕ್ಯವನ್ನು ಇನ್ನೊಮ್ಮೆ ಹೇಳುತ್ತೇನೆ.