ಚೊಚ್ಚಲ ಆಲ್ಬಮ್: ಬಿಡುಗಡೆ ದಿನಾಂಕ ಈಗಲೇ ಘೋಷಿಸಬಹುದೇ?

ಆರನೇ_ತಂತಿ
ನಾಲ್ವರ ರಾಕ್ ಬ್ಯಾಂಡ್, ಮೊದಲ ಸ್ಟುಡಿಯೊ ಆಲ್ಬಮ್. 9 ಹಾಡು, ಒಟ್ಟು 47 ನಿಮಿಷ. ಮಿಕ್ಸಿಂಗ್ ಆಗಿದೆ, ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಸದ್ದಿಗೆ ಕೊನೆಯ ಹದ) ಬಾಕಿ. ಎರಡು ಹಾಡು ಆಗಲೇ ಸಿಂಗಲ್ ಆಗಿ ಬಂದಿವೆ. ಸ್ಟ್ರೀಮಿಂಗ್, ವಿನೈಲ್ (ಗ್ರಾಮಫೋನ್ ತಟ್ಟೆ) ಎರಡೂ ಒಂದೇ ದಿನ ತರುವ ಯೋಚನೆ. ದಿನಾಂಕ ಘೋಷಿಸಬಹುದೇ? ಸಿಂಗಲ್‌ಗಳ ಪ್ಲೇ ಲೆಕ್ಕ ಉಳಿಯುತ್ತದೆಯೇ?

ತೋಡುಗೆರೆ
ಬೇಡ. ವಿನೈಲ್ ಇದ್ದರೆ ಟೆಸ್ಟ್ ಪ್ರೆಸಿಂಗ್ (ಪರೀಕ್ಷೆಗೆಂದು ಮೊದಲು ಒತ್ತುವ ಕೆಲವು ತಟ್ಟೆ) ಕೇಳಿ ಒಪ್ಪುವವರೆಗೆ ದಿನಾಂಕ ಬಾಯಿಬಿಡಬೇಡಿ. ಅದು ತಿರಸ್ಕೃತವಾದರೆ ಮತ್ತೆ ಲ್ಯಾಕರ್ (ಅಚ್ಚಿಗೆ ಮೂಲವಾದ ತಟ್ಟೆ) ಕತ್ತರಿಸುವಲ್ಲಿಂದ ಶುರು ಮಾಡಬೇಕಾಗಬಹುದು.

ಅದಕ್ಕೂ ಮೊದಲ ತೊಂದರೆ ನಿಮ್ಮ 47 ನಿಮಿಷ. 12 ಇಂಚಿನ ಎಲ್‌ಪಿಯ ಒಂದು ಬದಿಗೆ, ಜೋರು ರಾಕ್ ಆದರೆ, 18ರಿಂದ 20 ನಿಮಿಷ ಹಿತ. 23 ದಾಟಿದರೆ ತೋಡುಗಳನ್ನು (ಸೂಜಿ ಓಡುವ ಗೆರೆ) ಒತ್ತೊತ್ತಾಗಿ ಕೂರಿಸಲು ಮಟ್ಟ ಇಳಿಸಲೇಬೇಕು. ಆಗ ಸದ್ದು ಸಣ್ಣದು, ಹಿನ್ನೆಲೆಯ ಸರಸರ ದೊಡ್ಡದು. ಒಂದು ಹಾಡನ್ನು ಡಿಜಿಟಲ್‌ಗಷ್ಟೇ ಉಳಿಸಿ, ಇಲ್ಲವೇ ಎರಡು ತಟ್ಟೆ ಮಾಡಿ.

ಹಾಡುಗಳ ಕ್ರಮವನ್ನೂ ನೋಡಿ. ತಟ್ಟೆ ತಿರುಗುವ ವೇಗ ಒಂದೇ ಆದರೂ ಒಳಗೆ ಹೋದಂತೆ ಸೂಜಿಯ ಕೆಳಗೆ ಹಾಯುವ ತೋಡಿನ ಉದ್ದ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಸಿಂಬಲ್, 'ಸ' 'ಶ' ಅಕ್ಷರಗಳು ಅಲ್ಲೇ ಒಡೆಯುವುದು. ಅಬ್ಬರದ ಹಾಡನ್ನು ಬದಿಯ ಕೊನೆಗೆ ಇಡಬೇಡಿ. (ಆಲ್ಬಮ್ ಅಬ್ಬರದಲ್ಲೇ ಮುಗಿಯಬೇಕೆಂದು ಡ್ರಮ್ಮರ್ ಹಟ ಹಿಡಿಯುವುದು ಖಚಿತ.)

ಮೀಟರ್‌ಮುಳ್ಳು
ವಿನೈಲ್‌ಗೆ ಬೇರೆ ಮಾಸ್ಟರ್ ಕೇಳಿ: ಲಿಮಿಟರ್ (ಸದ್ದಿನ ತುದಿಗಳನ್ನು ಒತ್ತಿಹಿಡಿಯುವುದು) ಹಗುರ, ಡಿ-ಎಸ್ಸಿಂಗ್ ('ಸ' 'ಶ'ಗಳ ಚುಚ್ಚು ತಗ್ಗಿಸುವುದು) ಹೆಚ್ಚು, ಸುಮಾರು 150 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಮೋನೊ (ಎಡಬಲ ಎರಡರಲ್ಲೂ ಒಂದೇ). ಬೇಸ್ ಎಡಬಲಕ್ಕೆ ಹರಡಿದ್ದರೆ ಸೂಜಿ ಹಾರಬಹುದು.

ಸ್ಟ್ರೀಮಿಂಗ್‌ಗೆ 24 ಬಿಟ್ ವೇವ್ ಫೈಲ್. ಸ್ಪಾಟಿಫೈ ಸಾಮಾನ್ಯವಾಗಿ −14 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳಿಸುವ ಜೋರಿನ ಅಳತೆ) ಹೊಂದಿಸುತ್ತದೆ. −9ರ ಮಾಸ್ಟರ್ ಕೊಟ್ಟರೆ 5 ಡೆಸಿಬೆಲ್ ಇಳಿಸುತ್ತದೆ, ಅಷ್ಟೇ. ಹಾಗೆಂದು ಪ್ರತಿ ಹಾಡನ್ನೂ −14ಕ್ಕೆ ಬಡಿದು ಕೂರಿಸಬೇಡಿ. ಮೆಲ್ಲಗಿನ ಹಾಡು ಮೆಲ್ಲಗೇ ಇರಲಿ. ಟ್ರೂ ಪೀಕ್ (ಸದ್ದಿನ ಅತಿ ಎತ್ತರದ ತುದಿ) ಮಾತ್ರ −1 ಡೆಸಿಬೆಲ್ ದಾಟದಿರಲಿ, ಜೋರು ಮಾಸ್ಟರ್ ಆದರೆ −2. ಇಲ್ಲದಿದ್ದರೆ ಫೈಲ್ ಕುಗ್ಗಿಸುವಾಗ ಸ್ನೇರ್ ಹೊಡೆತಗಳಲ್ಲಿ ಕ್ಲಿಪ್ಪಿಂಗ್ (ತುದಿ ಕತ್ತರಿಸಿ ಸದ್ದು ಒಡೆಯುವುದು) ಬರಬಹುದು.

ಕೋಡ್‌ಪಟ್ಟಿ
ಪ್ಲೇ ಲೆಕ್ಕ ಉಳಿಯಲು ಸಿಂಗಲ್‌ನ ಅದೇ ಆಡಿಯೊ, ಅದೇ ಐಎಸ್‌ಆರ್‌ಸಿ (ಪ್ರತಿ ಧ್ವನಿಮುದ್ರಣದ ಗುರುತಿನ ಕೋಡ್), ಅದೇ ಶೀರ್ಷಿಕೆ, ಅದೇ ಕಲಾವಿದರ ಹೆಸರು ಕೊಡಿ. ವಿತರಕರ ಪುಟದಲ್ಲಿ ಐಎಸ್‌ಆರ್‌ಸಿ ಖಾನೆ ಖಾಲಿ ಬಿಟ್ಟರೆ ಹೊಸ ಕೋಡ್ ತಾನಾಗಿ ಬೀಳುತ್ತದೆ, ಲೆಕ್ಕ ಸೊನ್ನೆಯಿಂದ. ಆದರೆ ಹಾಡನ್ನು ಮರುಮಿಕ್ಸ್ ಮಾಡಿದ್ದರೆ ಹೊಸ ಕೋಡೇ ಸರಿ.

ಬಿಡುಗಡೆಗೆ ನಾಲ್ಕು ವಾರ ಮುಂಚೆಯೇ ಅಪ್‌ಲೋಡ್‌ಗೆ ಕೂರಿ. ಸ್ಪಾಟಿಫೈಗೆ ಕನಿಷ್ಠ 7 ದಿನ ಮೊದಲು ಪಿಚ್ (ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ಸೂಚಿಸುವುದು) ಮಾಡಿದರೆ ಆ ಹಾಡು ಫಾಲೋವರ್‌ಗಳ ರಿಲೀಸ್ ರೇಡಾರ್‌ಗೆ (ಹೊಸ ಹಾಡುಗಳ ಪ್ಲೇಲಿಸ್ಟ್) ಹೋಗುತ್ತದೆ. ಪಿಚ್‌ಗೆ ಒಂದು ಸಲಕ್ಕೆ ಒಂದೇ ಹಾಡು, ಅದೂ ಇನ್ನೂ ಹೊರಬರದಿರುವುದು. ನಿಮ್ಮ ಸಿಂಗಲ್‌ಗಳು ಪಿಚ್‌ಗೆ ಬರುವುದಿಲ್ಲ. ಮುಖಪುಟ 3000×3000 ಪಿಕ್ಸೆಲ್, ಆರ್‌ಜಿಬಿ (ಪರದೆಯ ಬಣ್ಣಕ್ರಮ). ಸಿಎಂವೈಕೆ (ಮುದ್ರಣದ ಬಣ್ಣಕ್ರಮ) ಕಳಿಸಿದರೆ ತಿರಸ್ಕೃತವಾಗಬಹುದು.

ತೋಡುಗೆರೆ
ಟೆಸ್ಟ್ ಪ್ರೆಸಿಂಗ್ ಬಂದಾಗ ಒಂದಕ್ಕಿಂತ ಹೆಚ್ಚು ಪ್ರತಿ ಕೇಳಿ. ಎಲ್ಲದರಲ್ಲೂ ಒಂದೇ ಜಾಗದಲ್ಲಿ ಟಕ್ ಎಂದರೆ ದೋಷ ಅಚ್ಚಿನಲ್ಲೋ ಲ್ಯಾಕರ್‌ನಲ್ಲೋ ಇದೆ, ಒಪ್ಪಿಗೆ ಕೊಡಬೇಡಿ. ಒಂದರಲ್ಲಿ ಮಾತ್ರ ಆದರೆ ಆ ತಟ್ಟೆಯದ್ದು, ಮುಂದೆ ಹೋಗಿ.