ನೀರು ನಿಲ್ಲುವ ತಗ್ಗಿಗೆ ಕೇದಿಗೆ: ಬೀಜವೋ, ಕಂದೋ?

ತಗ್ಗುತೋಟ: ತೋಟದ ಒಂದು ಮೂಲೆಯಲ್ಲಿ ಮಳೆಗಾಲವಿಡೀ ನೀರು ನಿಲ್ಲುತ್ತದೆ. ಅಲ್ಲಿ ಹೂವಿಗಾಗಿಯೇ ಕೇದಿಗೆ ಬೆಳೆಸಬೇಕು. ಬೀಜ ಹಾಕಿದರೆ ಆಗುತ್ತದೆಯೇ? ತಾಯಿಗಿಡದಿಂದ ಬಿಡಿಸಿ ನೆಟ್ಟ ಕಂದು (ಮರಿಗಿಡ) ಕೊಳೆಯುತ್ತದೆ ಅನ್ನುತ್ತಾರೆ. ಹಳ್ಳದ ದಂಡೆಯಲ್ಲೇ ಬೆಳೆಯುವ ಗಿಡಕ್ಕೆ ಹಾಗೇಕೆ?

ಬಿಳಲು: ಹೂ ಬೇಕೆಂದರೆ ಬೀಜದ ಸಹವಾಸ ಬೇಡ. ಕೇದಿಗೆಯಲ್ಲಿ ಗಂಡು, ಹೆಣ್ಣು ಬೇರೆ ಬೇರೆ ಗಿಡ. ಘಮಘಮಿಸುವ ಹೂ ಗಂಡಿನದು. ಅನಾನಸ್ಸಿನಂಥ ಕಾಯಿ ಬಿಡುವುದು ಹೆಣ್ಣು. ಬೀಜದ ಸಸಿ ಯಾವುದೆಂದು ಹೂ ಬಿಡುವವರೆಗೂ ತಿಳಿಯದು. ಹೂ ಬಿಟ್ಟಾಗಲೇ ಗಂಡುಗಿಡಕ್ಕೆ ಗುರುತು ಹಾಕಿಟ್ಟು ಅದರ ಕಂದು ತೆಗೆಯಿರಿ.

ಒಂದೂವರೆ ಅಡಿ ಉದ್ದದ, ಬುಡದಲ್ಲಿ ಬೇರಿನ ಗಂಟು ಕಾಣುವ ಕಂದು ಒಳ್ಳೆಯದು. ಹರಿತವಾದ ಕತ್ತಿಯಿಂದ ಬಿಡಿಸಿ, ಕೆಳಗಿನ ಎಲೆ ಕಿತ್ತು, ಉಳಿದ ಎಲೆಗಳನ್ನು ಅರ್ಧಕ್ಕೆ ಸವರಿ. ಬೇರಿಲ್ಲದ ಕಂದು ಅಷ್ಟೂ ಎಲೆಗೆ ನೀರು ಒದಗಿಸಲಾರದು. ಸುಳಿಗೆ ಮಾತ್ರ ಕತ್ತಿ ತಾಗಬಾರದು. ಎರಡು ದಿನ ನೆರಳಲ್ಲಿಟ್ಟು ಗಾಯ ಒಣಗಿಸಿ. ಆಮೇಲೆ 2 ಪಾಲು ಮರಳು, ತಲಾ 1 ಪಾಲು ಮಣ್ಣು ಮತ್ತು ಕಳಿತ ಕೊಟ್ಟಿಗೆ ಗೊಬ್ಬರ ತುಂಬಿದ ಚೀಲದಲ್ಲಿ 4 ಇಂಚು ಆಳಕ್ಕೆ ನೆಡಿ.

ಹಳ್ಳದಂಡೆ: ಕೊಳೆಯುವ ಕಾರಣ ಇಷ್ಟೇ: ಬೇರೂರಿದ ಕೇದಿಗೆ ನೀರು ತಡೆಯುತ್ತದೆ, ಹಸಿಗಾಯದ ಕಂದು ತಡೆಯದು. ಕೆಸರಿನಲ್ಲಿ ಗಾಯಕ್ಕೆ ಗಾಳಿಯಾಡದೆ ಬೂಸ್ಟು ಹಿಡಿಯುತ್ತದೆ. ಆಳವಾಗಿ ಹೂತರೆ ಸುಳಿಯೊಳಗೂ ಕೆಸರು ನುಗ್ಗಿ, ಮೇಲಿನಿಂದಲೇ ಕೊಳೆತ ಶುರು. ತಗ್ಗಿನಲ್ಲಿ ಒಂದಡಿ ಎತ್ತರದ ಮಣ್ಣಿನ ದಿಬ್ಬ ಮಾಡಿ ಅದರ ಮೇಲೆ ನೆಡಿ. ಬೇರು ತಾನೇ ನೀರಿಗೆ ಇಳಿಯುತ್ತದೆ. ಗಿಡದಿಂದ ಗಿಡಕ್ಕೆ 10 ಅಡಿ ಬಿಡಿ, ಪೊದೆ ಹರಡುತ್ತದೆ.

ತಗ್ಗುತೋಟ: ಚೀಲದಿಂದ ಯಾವಾಗ ಎತ್ತಬಹುದು?

ಹಳ್ಳದಂಡೆ: ಸುಮಾರು ಎರಡು ತಿಂಗಳು ಬೇಕು. ಎಳೆದು ನೋಡಬೇಡಿ, ಎಳೆಬೇರು ಹರಿಯುತ್ತದೆ. ಸುಳಿಯಿಂದ ಎರಡು ಮೂರು ಹೊಸ ಎಲೆ ಬಂದಿರಲಿ. ಒಂದು ಎಲೆ ಮಾತ್ರವಾದರೆ ನಂಬಬೇಡಿ, ಕಾಂಡದಲ್ಲಿದ್ದ ಕಸುವಿನಿಂದಲೂ ಅಷ್ಟು ಬರುತ್ತದೆ.

ಮುಳ್ಳೆಲೆ: ಒಂದು ಸೇರಿಸುತ್ತೇನೆ. ಕೇದಿಗೆ ಹೂ ಬರುವುದು ಕೊಂಬೆಯ ತುದಿಯಲ್ಲಿ. ಅಂದಕ್ಕೆಂದು ತುದಿ ಕತ್ತರಿಸಿದರೆ ಬರಬೇಕಿದ್ದ ಹೂವೇ ಹೋಯಿತು. ಒಣಗಿದ ಕೆಳಗಿನ ಎಲೆ ತೆಗೆದರೆ ಸಾಕು. ಕಾಂಡದಿಂದ ನೆಲಕ್ಕಿಳಿಯುವ ಬಿಳಲುಗಳನ್ನೂ ಕಡಿಯಬೇಡಿ, ಮೆತ್ತನೆ ನೆಲದಲ್ಲಿ ಗಿಡ ವಾಲದಂತೆ ಹಿಡಿದಿಡುವುದು ಅವೇ. ಚೆನ್ನಾಗಿ ಬಿಸಿಲು ಬೀಳಬೇಕು, ದಟ್ಟ ನೆರಳಲ್ಲಿ ಎಲೆಯಷ್ಟೇ ಬೆಳೆಯುತ್ತದೆ. ಕಂದಿನ ಗಿಡ ಹೂ ಬಿಡಲು ಮೂರು ನಾಲ್ಕು ವರ್ಷ ಕಾಯಬೇಕು.

ಘಮಕ್ಕೆ ಹಾವು ಬರುತ್ತದೆಂಬ ಮಾತು ಹಾಗಿರಲಿ, ಮುಳ್ಳಿಗೆ ಹೆದರಿ. ಎಲೆಯ ಎರಡು ಅಂಚಿನಲ್ಲಷ್ಟೇ ಅಲ್ಲ, ಅಡಿಯ ನಡುನರದಲ್ಲೂ ಇದೆ. ದಪ್ಪ ಕೈಗವಸು ಹಾಕಿಕೊಳ್ಳಿ, ಓಡಾಡುವ ದಾರಿಯಿಂದ ದೂರ ನೆಡಿ.