ಕ್ಯಾಂಪರ್ ವ್ಯಾನಲ್ಲಿ ಅಡುಗೆಗೆ ಯಾವ ಗ್ಯಾಸ್ ಇಡೋದು?

ಪ್ರಶ್ನೆ: ಹಳೇ ಟೆಂಪೋ ಟ್ರಾವೆಲರ್ ತಗೊಂಡು ಒಳಗೇ ಮಲಗಿ ಅಡುಗೆ ಮಾಡ್ಕೊಳ್ಳೋ ಥರ ಕ್ಯಾಂಪರ್ ಮಾಡ್ತಿದೀನಿ, ಮನೆಯ 14.2 ಕೆಜಿ ಸಿಲಿಂಡರೇ ಇಟ್ಕೊಳ್ಲಾ ಇಲ್ಲ ಚಿಕ್ಕ ಸ್ಟವ್‌ಗೆ ಹಾಕೋ ಬ್ಯೂಟೇನ್ ಗ್ಯಾಸ್ ಡಬ್ಬಿ ಸಾಕಾ? ಲಡಾಖ್‌ಗೂ ಹೋಗೋ ಪ್ಲ್ಯಾನ್ ಇದೆ.

ಉತ್ತರ: ದೊಡ್ಡದು ಬೇಡ ಸಾರ್, ಜಾಗ ತಿನ್ನುತ್ತೆ. 5 ಕೆಜಿಯ ಚಿಕ್ಕ ‘ಛೋಟು’ ಸಿಲಿಂಡರ್ ತಗೊಳ್ಳಿ, ಅಡ್ರೆಸ್ ಪ್ರೂಫ್ ಬೇಡ, ಐಡಿ ಸಾಕು, ಕೆಲವು ಪೆಟ್ರೋಲ್ ಬಂಕಲ್ಲೂ ಸಿಗುತ್ತೆ.

ಉತ್ತರ: ಲಡಾಖಲ್ಲಿ ಡಬ್ಬಿ ನಂಬ್ಬೇಡಿ, ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ರ ಆವಿನೇ ಆಗಲ್ಲ, ನಾನು ಬೆಳಗ್ಗೆ ಟೀ ಇಲ್ದೆ ಡಬ್ಬೀನ ಕಂಕುಳಲ್ಲಿ ಇಟ್ಕೊಂಡು ಕೂತಿದ್ದೆ 😄 ಇನ್ನೊಂದು, ಎಲ್‌ಪಿಜಿ ಗಾಳಿಗಿಂತ ಭಾರ, ಲೀಕ್ ಆದ್ರೆ ನೆಲದಲ್ಲೇ ಕೂರುತ್ತೆ, ಅದಕ್ಕೆ ಸಿಲಿಂಡರ್ ಬಾಕ್ಸ್ ತಳದಲ್ಲಿ ಹೊರಗಡೆಗೆ ತೂತು ಇರ್ಲೇಬೇಕು, ಸಿಲಿಂಡರ್ ನೆಟ್ಟಗೆ ನಿಲ್ಸಿ ಬೆಲ್ಟ್ ಹಾಕಿ, ಗಾಡಿ ಓಡೋವಾಗ ರೆಗ್ಯುಲೇಟರ್ ಆಫ್.

ಪ್ರಶ್ನೆ ಕೇಳಿದವ್ರು: ಅಯ್ಯೋ ತೂತಿನ ವಿಷ್ಯ ಗೊತ್ತೇ ಇರ್ಲಿಲ್ಲ, ಕಾರ್ಪೆಂಟರ್‌ಗೆ ಈಗ್ಲೇ ಫೋನ್ ಮಾಡ್ತೀನಿ